ಗಂಟೆಗಟ್ಟಲೆ ಕೇಳಿದರೂ ಕಿವಿ ನೋಯದ ಹೆಡ್‌ಫೋನ್: ಮುಂಬಯಿ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಮುಂಬಯಿಯಲ್ಲಿರುವ ನಮ್ಮವರು ಹೆಡ್‌ಫೋನ್ ಹಾಕಿಕೊಳ್ಳುವುದು ಒಂದೆರಡು ಹಾಡಿಗಲ್ಲ. ಕರಾವಳಿಯವರಿಗೆ ನಾಲ್ಕೈದು ಗಂಟೆಯ ತಾಳಮದ್ದಲೆ ಬೇಕು. ಧಾರವಾಡದ ಕಡೆಯವರಿಗೆ ಮಲ್ಲಿಕಾರ್ಜುನ ಮನ್ಸೂರರ ಒಂದು ರಾಗ ಮುಗಿದರೆ ಇನ್ನೊಂದು ಬೇಕು. ಐರೋಲಿ, ಪವಾಯಿಯ ಕಚೇರಿಗಳಲ್ಲಿರುವ ಹುಡುಗ ಹುಡುಗಿಯರಿಗೆ ಒಂದರ ಹಿಂದೊಂದು ಮೀಟಿಂಗ್. ಡೊಂಬಿವಲಿ, ವಿರಾರ್, ಪನವೇಲ್‌ನಿಂದ ಲೋಕಲ್ ಹಿಡಿದು ಕೆಲಸಕ್ಕೆ ಬರುವವರಿಗಂತೂ ಹೋಗಿ ಬರುವ ದಾರಿಯಲ್ಲೇ ದಿನಕ್ಕೆ ಎರಡು ಮೂರು ಗಂಟೆ ಕಳೆಯುತ್ತದೆ. ಅಷ್ಟು ಹೊತ್ತು ತಲೆಯ ಮೇಲೆ ಕೂರುವ ವಸ್ತುವನ್ನು ಮಾತ್ರ ಅಂಗಡಿಯಲ್ಲಿ ಐದು ನಿಮಿಷ ಹಾಕಿ ನೋಡಿ ಕೊಂಡುಬಿಡುತ್ತೇವೆ.

ಆ ಐದು ನಿಮಿಷದಲ್ಲಿ ತಿಳಿಯುವುದು ಸದ್ದು ಹೇಗಿದೆ ಎಂಬುದಷ್ಟೇ. ನೆತ್ತಿಯ ಉರಿ, ಕಿವಿಯ ಅಂಚಿನ ನೋವು, ಕನ್ನಡಕದ ಕಡ್ಡಿ ಒತ್ತುವುದು, ಪ್ಯಾಡಿನೊಳಗೆ ಬೆವರು ಕಟ್ಟುವುದು, ಇವೆಲ್ಲ ಶುರುವಾಗುವುದು ಅರ್ಧ ಗಂಟೆ ದಾಟಿದ ಮೇಲೆ. ರೆಕಾರ್ಡಿಂಗ್ ಕೇಳಿ ಬರಹಕ್ಕೆ ಇಳಿಸುವುದು ನನ್ನ ಕೆಲಸ, ದಿನದ ಬಹುಪಾಲು ಹೆಡ್‌ಫೋನ್ ತಲೆಯ ಮೇಲೇ ಇರುತ್ತದೆ. ಅದರಿಂದ ನನಗೆ ಖಚಿತವಾದದ್ದು ಇದು: ಸದ್ದಿನ ಸಣ್ಣಪುಟ್ಟ ಕೊರತೆಯನ್ನು ಫೋನಿನ ಈಕ್ವಲೈಜರ್‌ನಲ್ಲಿ (ತಗ್ಗು, ಮೇಲಿನ ಸ್ವರಗಳನ್ನು ಬೇರೆಬೇರೆಯಾಗಿ ಏರಿಳಿಸುವ ಸೌಲಭ್ಯ) ಸರಿಪಡಿಸಬಹುದು, ನಿಮ್ಮ ತಲೆಗೆ ಹೊಂದದ ಆಕಾರವನ್ನು ಯಾವ ಆ್ಯಪ್ ಕೂಡ ಸರಿಪಡಿಸಲಾರದು. ಹಾಗಾಗಿ ಹೆಚ್ಚು ಹೊತ್ತು ಕೇಳುವವರು ಮೊದಲು ಆರಾಮವನ್ನು ನೋಡಬೇಕು, ಆಮೇಲೆ ಸದ್ದು, ಕೊನೆಗೆ ಬ್ರ್ಯಾಂಡ್. ಈ ಬರಹದಲ್ಲೂ ಆರಾಮಕ್ಕೇ ಮೊದಲ ಜಾಗ.

ಹೆಜ್ಜೆ 1: ಎಲ್ಲಿ ಕೂತು ಕೇಳುತ್ತೀರಿ?

ಎಲ್ಲ ಕಡೆಗೂ ಒಂದೇ ಹೆಡ್‌ಫೋನ್ ಸಾಕು ಎಂಬ ಆಸೆ ಬಿಟ್ಟರೆ ಅರ್ಧ ಕೆಲಸ ಸುಲಭ. ಬೆಳಗಿನ ಗರ್ದಿಯ ಲೋಕಲ್‌ಗೆ ಕಿವಿ ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನ್ ಒಳ್ಳೆಯ ಜೊತೆಯಲ್ಲ. ಪಕ್ಕದವರ ಮೊಣಕೈ, ಮೇಲೆ ನೇತಾಡುವ ಬ್ಯಾಗು ಎಲ್ಲವೂ ಕಿವಿ ಮುಚ್ಚುವ ಬಟ್ಟಲಿಗೆ, ಅಂದರೆ ಕಪ್ಪಿಗೆ, ತಾಗುತ್ತವೆ, ಸೆಕೆ ಬೇರೆ. ಅಲ್ಲಿಗೆ ಕಿವಿಯೊಳಗೆ ಕೂರುವ ಇಯರ್‌ಫೋನೇ ಸರಿ. ರೈಲಿನ ಸದ್ದಿನಲ್ಲಿ ಬಹುಪಾಲು ತಗ್ಗಿನ, ಒಂದೇ ಸಮನೆ ಬರುವ ಗುಡುಗುಡು. ಸದ್ದು ತಗ್ಗಿಸುವ ಎಎನ್‌ಸಿ ತಂತ್ರಜ್ಞಾನ ಚೆನ್ನಾಗಿ ಕೆಲಸ ಮಾಡುವುದು ಇಂಥ ಸದ್ದಿನ ಮೇಲೆಯೇ. ಪಕ್ಕದ ಸೀಟಿನ ಭಜನೆ, ಮಾತುಕತೆಗಳನ್ನು ಅದು ಅಷ್ಟಾಗಿ ಅಳಿಸುವುದಿಲ್ಲ. ಎಎನ್‌ಸಿಯ ದೊಡ್ಡ ಲಾಭವೆಂದರೆ ರೈಲಿನ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸಬೇಕಾಗುವುದಿಲ್ಲ. ಆದರೆ ಪ್ಲಾಟ್‌ಫಾರ್ಮಿನಲ್ಲಿ ನಡೆಯುವಾಗ, ರಸ್ತೆ ದಾಟುವಾಗ ಅದನ್ನು ಆರಿಸಿ, ಒಂದು ಕಿವಿ ತೆರೆದಿಡಿ. ಹಿಂದಿನಿಂದ ಬರುವ ಫಾಸ್ಟ್ ಲೋಕಲ್‌ನ ಹಾರನ್ ನಿಮಗೆ ಕೇಳಲೇಬೇಕು.

ಮನೆಯಲ್ಲಿ ಕೇಳುವವರ ಮುಂದೆ ಎರಡು ದಾರಿಗಳಿವೆ. ಕಪ್ಪಿನ ಹಿಂಭಾಗ ಮುಚ್ಚಿರುವುದು ಕ್ಲೋಸ್ಡ್ ಬ್ಯಾಕ್, ಜಾಲರಿಯಂತೆ ತೆರೆದಿರುವುದು ಓಪನ್ ಬ್ಯಾಕ್. 1968ರಲ್ಲಿ ಸೆನ್‌ಹೈಸರ್ ಕಂಪನಿ ತನ್ನ ಎಚ್‌ಡಿ 414 ಮಾದರಿಯಿಂದ ಓಪನ್ ಬ್ಯಾಕನ್ನು ಜನರ ಬಳಿಗೆ ತಂದಿತು. ಹೆಚ್ಚು ಹೊತ್ತು ಕೇಳಲು ಇದಕ್ಕಿಂತ ಹಿತವಾದದ್ದು ನನಗೆ ಕಂಡಿಲ್ಲ. ಗಾಳಿ ಆಡುತ್ತದೆ, ಕಿವಿ ಬಿಸಿಯಾಗುವುದು ಕಡಿಮೆ, ತಂಬೂರಿ ಕೋಣೆಯಲ್ಲೇ ಮಿಡಿಯುತ್ತಿರುವಂತೆ ಕೇಳುತ್ತದೆ. ತೊಡಕು ಒಂದೇ, ಒಳಗಿನ ಸದ್ದು ಹೊರಗೆ, ಹೊರಗಿನದು ಒಳಗೆ. ಒನ್ ರೂಮ್ ಕಿಚನ್ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಕೃಷ್ಣಸಂಧಾನ ಹಾಕಿದರೆ ಅರ್ಥಧಾರಿಗಳ ವಾದ ಪಕ್ಕದಲ್ಲಿ ಮಲಗಿದವರಿಗೂ ಕೇಳಿಸುತ್ತದೆ, ಮೇಲಿನ ಫ್ಯಾನಿನ ಸದ್ದು ನಿಮ್ಮ ಕಿವಿಗೂ ಬರುತ್ತದೆ. ಬಾಗಿಲು ಹಾಕಿಕೊಳ್ಳಲು ಪ್ರತ್ಯೇಕ ಕೋಣೆ ಇದ್ದವರು ಓಪನ್ ಬ್ಯಾಕನ್ನೇ ಮೊದಲು ನೋಡಿ. ಇಲ್ಲದವರಿಗೆ ಕ್ಲೋಸ್ಡ್ ಬ್ಯಾಕ್ ಅನಿವಾರ್ಯ, ಹಾಗಾದರೆ ಪ್ಯಾಡಿನ ಆಯ್ಕೆಗೆ ಹೆಚ್ಚು ಗಮನ ಕೊಡಬೇಕು.

ಕಚೇರಿಯ ಕರೆಗಳಿಗೆ ಕೇಳುವುದಷ್ಟೇ ಅಲ್ಲ, ಮಾತಾಡುವುದೂ ಇದೆ. ಕಿವಿಯ ನಾಳ ಬಿಗಿಯಾಗಿ ಮುಚ್ಚಿದಾಗ ನಮ್ಮದೇ ಧ್ವನಿ ತಲೆಯೊಳಗೆ ಗುಂಯ್‌ಗುಟ್ಟುತ್ತದೆ, ಅದನ್ನು ಮೀರಲು ನಾವು ಜೋರಾಗಿ ಮಾತಾಡುತ್ತೇವೆ, ಸಂಜೆಗೆ ಗಂಟಲು ಬೀಳುತ್ತದೆ. ಸ್ವಂತ ಧ್ವನಿಯನ್ನು ಮೈಕಿನ ಮೂಲಕ ಕಿವಿಗೆ ಮರಳಿಸುವ ಸೈಡ್‌ಟೋನ್ ಸೌಲಭ್ಯ ಇದೆಯೇ ಎಂದು ಕೇಳಿ ಕೊಳ್ಳಿ.

ಮಲಗಿಕೊಂಡು, ಅದರಲ್ಲೂ ಮಗ್ಗುಲಾಗಿ ಮಲಗಿ ಕೇಳುವ ಅಭ್ಯಾಸವಿದ್ದರೆ ದೊಡ್ಡ ಹೆಡ್‌ಫೋನ್ ಮರೆತುಬಿಡಿ. ಕಿವಿಯ ಬಟ್ಟಲಿನಿಂದ ಹೊರಗೆ ಚಾಚದ ಚಿಕ್ಕ ಇಯರ್‌ಫೋನ್, ಅದಕ್ಕೊಂದು ಸ್ಲೀಪ್ ಟೈಮರ್, ಅಷ್ಟು ಸಾಕು.

ಹೆಜ್ಜೆ 2: ಸ್ಕೇಲು ತಂದು ಕಿವಿ ಅಳೆಯಿರಿ

ಚಪ್ಪಲಿ ಕೊಳ್ಳುವಾಗ ಕಾಲಿನ ಅಳತೆ ಕೇಳುವ ನಾವು ಹೆಡ್‌ಫೋನ್‌ಗೆ ಕಿವಿಯ ಅಳತೆ ಕೇಳುವುದಿಲ್ಲ. ಬೇಕಾಗಿರುವುದು ಮೂರು ಅಳತೆ. ಕಿವಿಯ ತುದಿಯಿಂದ ಹಾಲೆಯ ತಳದವರೆಗಿನ ಎತ್ತರ, ಅಡ್ಡ ಅಗಲ, ತಲೆಯಿಂದ ಕಿವಿ ಎಷ್ಟು ಹೊರಗೆ ಚಾಚಿದೆ ಎಂಬ ಆಳ. ವಯಸ್ಕರ ಕಿವಿಯ ಎತ್ತರ ಸಾಮಾನ್ಯವಾಗಿ 6 ಸೆಂಟಿಮೀಟರಿನ ಆಚೀಚೆ ಇರುತ್ತದೆ. ವಯಸ್ಸಾದಂತೆ ಕಿವಿ ಉದ್ದವಾಗುತ್ತದೆ, ಹಾಗಾಗಿ ಅಪ್ಪನಿಗೆ ಕೊಳ್ಳುವವರು ತಮ್ಮ ಕಿವಿಯ ಅಳತೆ ಹಿಡಿದು ಹೋಗಬಾರದು.

ಈಗ ಈ ಅಳತೆಯನ್ನು ಪ್ಯಾಡಿನ ಒಳಗಿನ ಬಾಯಿಗೆ ಹೋಲಿಸಿ. ಹೊರಗಿನ ಗಾತ್ರ ನೋಡಿ ಮೋಸಹೋಗಬೇಡಿ. ದಪ್ಪ ಪ್ಯಾಡಿನ ದೊಡ್ಡ ಕಪ್ಪಿನಲ್ಲೂ ಒಳಬಾಯಿ ಕಿರಿದಾಗಿರಬಹುದು. ಕಿವಿ ಪೂರ್ತಿ ಒಳಗೆ ಕೂತು, ಸುತ್ತಲೂ ಒಂದಿಷ್ಟು ಜಾಗ ಉಳಿಯಬೇಕು. ಎಲ್ಲರೂ ಮರೆಯುವುದು ಆಳವನ್ನು. ಕಿವಿ ಹೊರಚಾಚಿದವರಿಗೆ ಆಳ ಕಡಿಮೆ ಇರುವ ಪ್ಯಾಡ್‌ನಲ್ಲಿ ಕಿವಿಯ ಅಂಚು ಒಳಗಿನ ಗಟ್ಟಿ ಭಾಗಕ್ಕೆ ತಾಗುತ್ತದೆ. ಮೊದಲು ಗೊತ್ತೇ ಆಗುವುದಿಲ್ಲ, ಮುಕ್ಕಾಲು ಗಂಟೆಯ ಹೊತ್ತಿಗೆ ಆ ಒಂದು ಚುಕ್ಕೆ ಉರಿಯತೊಡಗುತ್ತದೆ. ಪ್ಯಾಡ್ ಹಳೆಯದಾಗಿ ಸ್ಪಂಜು ಕುಗ್ಗಿದಂತೆ ಈ ಆಳ ಇನ್ನೂ ಕಡಿಮೆಯಾಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕನ್ನಡಕ ಹಾಕುವವರು ಕನ್ನಡಕದೊಂದಿಗೇ ಪರೀಕ್ಷಿಸಬೇಕು ಎಂಬುದು ಎಲ್ಲರೂ ಹೇಳುವ ಮಾತು. ಅದಕ್ಕಿಂತ ಮುಖ್ಯವಾದದ್ದು ಕಡ್ಡಿಯ ದಪ್ಪ. ಅಗಲ ಪ್ಲಾಸ್ಟಿಕ್ ಕಡ್ಡಿ ಪ್ಯಾಡನ್ನು ಎತ್ತಿಹಿಡಿದು ಸಂದು ಮಾಡುತ್ತದೆ, ತಗ್ಗು ಸ್ವರಗಳು ಸೋರಿಹೋಗುತ್ತವೆ, ಕಣತಲೆಯ ಮೇಲೆ ಒತ್ತು ಬೀಳುತ್ತದೆ. ಮುಂದಿನ ಸಲ ಕನ್ನಡಕ ಮಾಡಿಸುವಾಗ ತೆಳು ಲೋಹದ ಕಡ್ಡಿ ಆರಿಸಿಕೊಂಡರೆ ಹೆಡ್‌ಫೋನ್ ಬದಲಾಯಿಸಿದಷ್ಟೇ ಲಾಭ.

ಹೆಂಗಸರ ಓಲೆ, ತುರುಬುಗಳ ಬಗ್ಗೆ ಹೆಡ್‌ಫೋನ್ ವಿಮರ್ಶೆಗಳಲ್ಲಿ ಒಂದು ಸಾಲೂ ಇರುವುದಿಲ್ಲ, ನಮ್ಮ ಮನೆಗಳಲ್ಲಿ ಮಾತ್ರ ದಿನನಿತ್ಯದ ತೊಂದರೆ ಅದೇ. ನನ್ನ ಅತ್ತಿಗೆಗೆ ಹೆಡ್‌ಫೋನ್ ಹುಡುಕುವಾಗ ಓಲೆಯ ಮುಂಭಾಗಕ್ಕಿಂತ ಹಿಂದಿನ ತಿರುಪೇ ತಲೆನೋವಾಗಿತ್ತು. ಪ್ಯಾಡ್ ಹಾಲೆಯನ್ನು ಒತ್ತಿದಾಗ ತಿರುಪು ಕಿವಿಯ ಹಿಂದಿನ ಎಲುಬಿಗೆ ಚುಚ್ಚುತ್ತದೆ. ಹಾಲೆಯ ಮೇಲೆ ಒತ್ತು ಬೀಳದಷ್ಟು ಉದ್ದದ ಒಳಬಾಯಿ ಇರುವ ಪ್ಯಾಡ್ ಬೇಕು, ಕಿವಿಯ ಮೇಲೇ ಕೂರುವ ಆನ್‌ಇಯರ್ ಮಾದರಿ ಖಂಡಿತ ಬೇಡ. ತುರುಬು ಕಟ್ಟುವವರು, ಹೂ ಮುಡಿಯುವವರು ಹೆಡ್‌ಬ್ಯಾಂಡ್ ನೆತ್ತಿಯಿಂದ ಹಿಂದಕ್ಕೆ ಜಾರದೆ ನಿಲ್ಲುತ್ತದೆಯೇ ನೋಡಿಕೊಳ್ಳಬೇಕು.

ಹೆಜ್ಜೆ 3: ತೂಕ ನೋಡಿ, ಅದರ ಹಂಚಿಕೆಯನ್ನೂ ನೋಡಿ

ಪೆಟ್ಟಿಗೆಯ ಮೇಲಿನ ಅಂಕಿಗಳಲ್ಲಿ ಆರಾಮಕ್ಕೆ ನೇರ ಸಂಬಂಧ ಇರುವುದು ತೂಕಕ್ಕೆ ಮಾತ್ರ. ಕೆಲವು ಪರಿಚಿತ ಮಾದರಿಗಳನ್ನು ನೋಡೋಣ. ಸೋನಿಯ ಡಬ್ಲ್ಯೂಎಚ್-ಸಿಎಚ್720ಎನ್ 192 ಗ್ರಾಂ, ಎಕೆಜಿ ಕೆ240 ಸುಮಾರು 240 ಗ್ರಾಂ, ಸೋನಿಯ ಡಬ್ಲ್ಯೂಎಚ್-1000ಎಕ್ಸ್‌ಎಂ5 ಸುಮಾರು 250, ಸೆನ್‌ಹೈಸರ್ ಎಚ್‌ಡಿ 600 ಸುಮಾರು 260, ಬೇಯರ್‌ಡೈನಮಿಕ್ ಡಿಟಿ 770 ಪ್ರೊ ಸುಮಾರು 270, ಆಡಿಯೋ ಟೆಕ್ನಿಕಾ ಎಟಿಎಚ್-ಎಂ50ಎಕ್ಸ್ ಸುಮಾರು 285, ಹೈಫೈಮ್ಯಾನ್ ಸುಂದರಾ 372, ಆ್ಯಪಲ್ ಏರ್‌ಪಾಡ್ಸ್ ಮ್ಯಾಕ್ಸ್ ಸುಮಾರು 385 ಗ್ರಾಂ.

ನನ್ನ ಅಂದಾಜು ಹೀಗಿದೆ. 250 ಗ್ರಾಂ ಒಳಗಿದ್ದರೆ ತೂಕದ ಬಗ್ಗೆ ಚಿಂತೆ ಬೇಡ. 300 ದಾಟಿದರೆ ಕೈಯಲ್ಲಿ ಹಿಡಿದು, ತಲೆಗೆ ಹಾಕಿ ನೋಡದೆ ಕೊಳ್ಳಬಾರದು. ಹಾಗೆಂದು ತೂಕವೇ ತೀರ್ಪಲ್ಲ. ನೆತ್ತಿಯ ಮೇಲೆ ಬೆರಳಗಲದ ಒಂದೇ ಕಡೆ 240 ಗ್ರಾಂ ಕೂತರೆ ಉರಿಯುತ್ತದೆ, 350 ಗ್ರಾಂ ಅಗಲವಾದ ಪಟ್ಟಿಯ ಮೇಲೆ ಹಂಚಿಕೊಂಡರೆ ತಡೆದುಕೊಳ್ಳಬಹುದು. ಹಾಗಾಗಿ ಹೆಡ್‌ಬ್ಯಾಂಡಿನ ಒಳಮೈ ಗಮನಿಸಿ. ಕೆ240ರಂಥ ಮಾದರಿಗಳಲ್ಲಿ ಮೇಲಿನ ಗಟ್ಟಿ ಕಮಾನು ತಲೆಗೆ ತಾಗುವುದೇ ಇಲ್ಲ, ಅದರ ಕೆಳಗೆ ಜೋತುಬಿದ್ದ ಮೆತ್ತನೆಯ ಪಟ್ಟಿ ತಲೆಯ ಆಕಾರಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಕೂದಲು ತೆಳುವಾದವರಿಗೆ, ಬೋಳುತಲೆಯವರಿಗೆ ಈ ವಿನ್ಯಾಸ ಹೆಚ್ಚು ಹಿತ. ಅವರಿಗೆ ಕೂದಲಿನ ಮೆತ್ತೆ ಇಲ್ಲವಲ್ಲ, ಪಟ್ಟಿಯ ಒಂದೊಂದು ಹೊಲಿಗೆಯೂ ತಿಳಿಯುತ್ತದೆ.

ತೀರಾ ಹಗುರವಾದದ್ದು ಬೇಕೆನ್ನುವವರಿಗೆ 1984ರಿಂದ ಬರುತ್ತಿರುವ ಕಾಸ್ ಪೋರ್ಟಾ ಪ್ರೊ ಇದೆ, ನೂರು ಗ್ರಾಂಗಿಂತಲೂ ಕಡಿಮೆ. ಕಿವಿಯ ಮೇಲಿನ ಒತ್ತನ್ನು ಕಣತಲೆಯ ಕಡೆಗೆ ಸರಿಸುವ ಒಂದು ಪುಟ್ಟ ಏರ್ಪಾಡು ಅದರಲ್ಲಿದೆ. ಆನ್‌ಇಯರ್ ಹೆಡ್‌ಫೋನ್‌ಗಳ ಬಗ್ಗೆ ನನಗೆ ಒಲವಿಲ್ಲ, ಇದು ಮಾತ್ರ ಅಪವಾದ. ಕಿವಿಯ ಮೃದು ಎಲುಬಿನ ಭಾಗವನ್ನು ಒಂದೇ ಸಮನೆ ಒತ್ತುವ ಉಳಿದ ಆನ್‌ಇಯರ್‌ಗಳನ್ನು ಒಂದು ಗಂಟೆಗಿಂತ ಹೆಚ್ಚು ಕೇಳುವವರು ಬಿಡುವುದೇ ಒಳ್ಳೆಯದು.

ಹೆಜ್ಜೆ 4: ಪ್ಯಾಡ್, ಬೆವರು, ನಮ್ಮ ಊರಿನ ಹವೆ

ಅಮೆರಿಕದಲ್ಲೋ ಜರ್ಮನಿಯಲ್ಲೋ ಕೂತು ಬರೆದ ವಿಮರ್ಶೆಯನ್ನು ಓದಿ ಮುಂಬಯಿಯಲ್ಲಿ ಹೆಡ್‌ಫೋನ್ ಕೊಳ್ಳುವವರು ಎಡವುವುದು ಇಲ್ಲೇ. ಅಲ್ಲಿನ ಒಣ ಚಳಿಗೆ ಬೆಚ್ಚಗೆ ಹಿತವಾಗುವ ಚರ್ಮದ ಪ್ಯಾಡ್ ಇಲ್ಲಿ ಮೇ ತಿಂಗಳಲ್ಲಿ ಹತ್ತೇ ನಿಮಿಷಕ್ಕೆ ಅಂಟಿಕೊಳ್ಳುತ್ತದೆ.

ಪೆಟ್ಟಿಗೆಯ ಮೇಲೆ ಪ್ರೋಟೀನ್ ಲೆದರ್ ಎಂಬ ಹೆಸರಿನಲ್ಲಿ ಬರುವುದು ಸಾಮಾನ್ಯವಾಗಿ ಬಟ್ಟೆಯ ಮೇಲೆ ಪಾಲಿಯುರೇಥೇನ್ ಲೇಪಿಸಿದ ಕೃತಕ ಚರ್ಮ. ಅದು ಗಾಳಿಯಾಡದಂತೆ ಮುಚ್ಚುವುದರಿಂದ ತಗ್ಗು ಸ್ವರ ತುಂಬಿ ಬರುತ್ತದೆ, ಹೊರಗಿನ ಸದ್ದು ಕಡಿಮೆಯಾಗುತ್ತದೆ, ಅದೇ ಕಾರಣಕ್ಕೆ ಬೆವರೂ ಕಟ್ಟುತ್ತದೆ. ಗಾಳಿಯ ತೇವ ಪಾಲಿಯುರೇಥೇನಿನ ಬಂಧಗಳನ್ನು ನಿಧಾನಕ್ಕೆ ಒಡೆಯುತ್ತದೆ. ಇದಕ್ಕೆ ಜಲವಿಚ್ಛೇದನೆ ಎನ್ನುತ್ತಾರೆ. ಹೆಡ್‌ಫೋನ್ ಬಳಸದೆ ಕಪಾಟಿನಲ್ಲಿಟ್ಟರೂ ಪ್ಯಾಡ್ ಕಪ್ಪು ಚಕ್ಕೆಯಾಗಿ ಉದುರುವುದು ಇದರಿಂದಲೇ. ಸಮುದ್ರದ ಪಕ್ಕದ ನಮ್ಮ ಊರಿನಲ್ಲಿ ಇದರ ವೇಗ ಹೆಚ್ಚು. ಬದಲಿ ಪ್ಯಾಡ್ ಸಿಗದ ಹೆಡ್‌ಫೋನನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಪ್ಯಾಡ್ ತಿರುಗಿಸಿ ಅಥವಾ ಎಳೆದು ಸುಲಭವಾಗಿ ತೆಗೆಯಲು ಬರುತ್ತದೆಯೇ, ಅಂಟು ಹಾಕಿ ಕೂರಿಸಿದ್ದಾರೆಯೇ ಎಂದು ಅಂಗಡಿಯಲ್ಲೇ ಕೇಳಿ.

ವೆಲೂರ್, ಅಂದರೆ ಮಖಮಲ್ಲಿನಂಥ ಬಟ್ಟೆಯ ಪ್ಯಾಡ್, ಚರ್ಮಕ್ಕೆ ಅಂಟುವುದಿಲ್ಲ. ಡಿಟಿ 770 ಪ್ರೊದ ಹೆಚ್ಚಿನ ಆವೃತ್ತಿಗಳು ಬರುವುದೇ ಈ ಪ್ಯಾಡಿನೊಂದಿಗೆ. ಗಾಳಿ ಆಡುವುದರಿಂದ ಹಿತ, ಆದರೆ ಧೂಳು, ಎಣ್ಣೆ ಹಚ್ಚಿದ ತಲೆಯ ಜಿಡ್ಡು ಎಲ್ಲವನ್ನೂ ಹೀರಿಕೊಳ್ಳುತ್ತದೆ. ತೆಗೆದು ತಣ್ಣೀರಿನಲ್ಲಿ ಸೌಮ್ಯ ಸೋಪಿನಿಂದ ತೊಳೆದು ನೆರಳಿನಲ್ಲಿ ಪೂರ್ತಿ ಒಣಗಿಸಬೇಕು. ಮಳೆಗಾಲದಲ್ಲಿ ಒಣಗಲು ದಿನಗಟ್ಟಲೆ ಹಿಡಿಯುತ್ತದೆ, ಅಷ್ಟರಲ್ಲಿ ಮುಗ್ಗಲು ವಾಸನೆ ಬರುತ್ತದೆ. ಒಂದು ಜೊತೆ ಹೆಚ್ಚುವರಿ ಪ್ಯಾಡ್ ಇಟ್ಟುಕೊಂಡವರಿಗೆ ಈ ಕಷ್ಟವಿಲ್ಲ. ಚರ್ಮದ ಪ್ಯಾಡ್ ತೆಗೆದು ವೆಲೂರ್ ಹಾಕಿದರೆ ತಗ್ಗು ಸ್ವರ ಸ್ವಲ್ಪ ತೆಳುವಾಗುತ್ತದೆ. ಖಯಾಲ್, ಭಾವಗೀತೆ, ಮಾತುಗಾರಿಕೆ ಕೇಳುವವರಿಗೆ ಅದು ದೊಡ್ಡ ನಷ್ಟವಲ್ಲ. ಚೆಂಡೆಯ ಸೊಗಸೂ ಬಹುಪಾಲು ಮೇಲಿನ ಸ್ವರಗಳಲ್ಲೇ ಇರುವುದು. ಎಎನ್‌ಸಿ ಹೆಡ್‌ಫೋನ್‌ಗಳಲ್ಲಿ ಮಾತ್ರ ಕಂಪನಿ ಕೊಟ್ಟ ಬಗೆಯ ಪ್ಯಾಡನ್ನೇ ಉಳಿಸಿಕೊಳ್ಳಿ, ಮುಚ್ಚುವಿಕೆ ಬದಲಾದರೆ ಸದ್ದು ತಗ್ಗಿಸುವ ಲೆಕ್ಕವೂ ಕೆಡುತ್ತದೆ.

ಚರ್ಮದ ಪ್ಯಾಡ್ ಬಿಡಲಾಗದವರು ಅದರ ಮೇಲೆ ಹಾಕುವ ತೆಳು ಹತ್ತಿಬಟ್ಟೆಯ ಗವಸು ಕೊಂಡುಕೊಳ್ಳಿ. ಬೆಲೆ ಕಡಿಮೆ, ಒಗೆಯಲು ಸುಲಭ, ಪ್ಯಾಡಿನ ಆಯುಸ್ಸೂ ಹೆಚ್ಚುತ್ತದೆ.

ಹೆಜ್ಜೆ 5: ಅಂಗಡಿಯಲ್ಲಿ ನಲವತ್ತು ನಿಮಿಷ

ಲ್ಯಾಮಿಂಗ್ಟನ್ ರೋಡ್ ಎಲ್ಲರಿಗೂ ಗೊತ್ತು. ಗ್ರ್ಯಾಂಟ್ ರೋಡ್ ಸ್ಟೇಷನ್ನಿನಿಂದ ನಡೆದುಹೋಗುವಷ್ಟೇ ದೂರ, ಬಹುತೇಕ ಅಂಗಡಿಗಳಿಗೆ ಭಾನುವಾರ ರಜೆ. ಬದಲಿ ಪ್ಯಾಡ್, ಕೇಬಲ್, ಕನೆಕ್ಟರ್, ರಿಪೇರಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಹೆಡ್‌ಫೋನ್ ತಲೆಗೆ ಹೊಂದುತ್ತದೆಯೇ ಎಂದು ನೋಡಲು ಅದು ಸರಿಯಾದ ಸ್ಥಳವಲ್ಲ. ಕೌಂಟರಿನ ಮುಂದೆ ಜನ ನೂಕುತ್ತಿರುತ್ತಾರೆ, ಪೆಟ್ಟಿಗೆ ಒಡೆಯಲು ಅಂಗಡಿಯವರು ಒಪ್ಪುವುದಿಲ್ಲ, ಹೆಸರಾಂತ ಮಾದರಿಗಳ ನಕಲುಗಳೂ ಅಸಲಿಯ ಪಕ್ಕದಲ್ಲೇ ಇರುತ್ತವೆ. ಮೊದಲು ಮಾಲ್‌ಗಳಲ್ಲಿರುವ ಕಂಪನಿ ಮಳಿಗೆಗೆ ಅಥವಾ ಕ್ರೋಮಾ, ರಿಲಯನ್ಸ್ ಡಿಜಿಟಲ್‌ನಂಥ ಕಡೆಗೆ ಹೋಗಿ, ಅಲ್ಲಿ ಪ್ರದರ್ಶನಕ್ಕೆ ಇಟ್ಟ ತುಂಡುಗಳನ್ನು ಹಾಕಿ ನೋಡಲು ಬಿಡುತ್ತಾರೆ. ವಾರದ ನಡುವೆ ಮಧ್ಯಾಹ್ನ ಹೋದರೆ ಯಾರೂ ಅವಸರ ಮಾಡುವುದಿಲ್ಲ.

ಒಂದು ಸಂಗತಿ ನೆನಪಿರಲಿ. ಪ್ರದರ್ಶನದ ತುಂಡನ್ನು ನೂರಾರು ಜನ ಎಳೆದಿರುತ್ತಾರೆ, ಅದರ ಹಿಡಿತ ಸಡಿಲವಾಗಿರುತ್ತದೆ. ಹೊಸ ಪೆಟ್ಟಿಗೆಯದು ಅದಕ್ಕಿಂತ ಬಿಗಿ. ಅಂಗಡಿಯಲ್ಲೇ ತುಸು ಬಿಗಿ ಅನ್ನಿಸಿದ್ದು ಮನೆಯಲ್ಲಿ ಖಂಡಿತ ಬಿಗಿಯಾಗುತ್ತದೆ. ಜೊತೆಗೆ ಮಳಿಗೆಯ ಏಸಿಯಲ್ಲಿ ಬೆವರಿನ ಪರೀಕ್ಷೆ ನಡೆಯುವುದೇ ಇಲ್ಲ.

ನಿಮ್ಮದೇ ಫೋನಿನಿಂದ ನೀವು ದಿನಾ ಕೇಳುವ ಮಾತಿನ ರೆಕಾರ್ಡಿಂಗನ್ನೇ ಹಾಕಿ. ಅಂಗಡಿಯ ಡೆಮೋ ಹಾಡು ಬೇಡ, ಅದರ ಧಡಧಡ ಗಮನವನ್ನೆಲ್ಲ ಸದ್ದಿನ ಕಡೆಗೆ ಎಳೆಯುತ್ತದೆ. ಮೊದಲ ಐದು ನಿಮಿಷ ಸುಮ್ಮನೆ ಹಾಕಿಕೊಂಡಿರಿ. ಆಮೇಲೆ ಬಗ್ಗಿ ಶೂ ದಾರ ಕಟ್ಟಿ, ತಲೆ ಹಿಂದಕ್ಕೆ ಚೆಲ್ಲಿ, ಆಕಳಿಸಿ, ಏನಾದರೂ ಜಗಿಯಿರಿ. ಜಗಿಯುವಾಗ ದವಡೆಯ ಕೀಲು ಪ್ಯಾಡಿನ ಅಂಚಿಗೆ ಸಿಕ್ಕುತ್ತದೆಯೇ ಎಂಬುದು ಆಗ ತಿಳಿಯುತ್ತದೆ. ಹೆಡ್‌ಬ್ಯಾಂಡನ್ನು ಪೂರ್ತಿ ಉದ್ದ ಮಾಡಿ ನೋಡಿ. ಕೊನೆಯ ಮೆಟ್ಟಿಲಿಗೆ ಎಳೆದರಷ್ಟೇ ತಲೆಗೆ ಸಾಲುತ್ತದೆ ಎಂದಾದರೆ ಅದು ನಿಮ್ಮ ಅಳತೆಯದಲ್ಲ. ಹೀಗೆ ಮೂವತ್ತು ನಲವತ್ತು ನಿಮಿಷ ಕಳೆಯಿರಿ, ನಾಚಿಕೆ ಬೇಡ, ಸಾವಿರಾರು ರೂಪಾಯಿ ಕೊಡುವವರು ನೀವು. ತೆಗೆದ ಕೂಡಲೇ ಕನ್ನಡಿಯಲ್ಲಿ ಕಿವಿಯ ಸುತ್ತ ನೋಡಿಕೊಳ್ಳಿ. ಸುತ್ತಲೂ ಒಂದೇ ಸಮನಾದ ತೆಳು ಗುರುತು ಇದ್ದರೆ ಚಿಂತೆಯಿಲ್ಲ. ಒಂದೇ ಕಡೆ ಕೆಂಪಾಗಿದ್ದರೆ ಅಲ್ಲೇ ನಾಳೆ ನೋಯುವುದು.

ಆನ್‌ಲೈನ್‌ನಲ್ಲಿ ತರಿಸುವವರು ಬೆಲೆಗಿಂತ ಮೊದಲು ವಾಪಸಾತಿಯ ಷರತ್ತು ಓದಿ. ಹೆಡ್‌ಫೋನ್‌ಗಳಿಗೆ ಅನೇಕ ಸಲ ಕೆಟ್ಟುಹೋದರೆ ಬದಲಿ ತುಂಡು ಮಾತ್ರ, ಇಷ್ಟವಾಗಲಿಲ್ಲ ಎಂದರೆ ಹಣ ಮರಳುವುದಿಲ್ಲ. ಕಿವಿಯೊಳಗೆ ಹೋಗುವ ಇಯರ್‌ಫೋನ್‌ಗಳಲ್ಲಿ ಇದು ಇನ್ನೂ ಕಟ್ಟುನಿಟ್ಟು. ಒಪ್ಪಿದ ಷರತ್ತನ್ನು ಮಾರಾಟಗಾರರು ಪಾಲಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು, ಅದಕ್ಕಾಗಿ ಬಿಲ್ಲನ್ನು ಜೋಪಾನವಾಗಿಡಿ.

ಹೆಜ್ಜೆ 6: ನೋವು ಎಲ್ಲಿದೆ ಎಂಬುದರಲ್ಲೇ ಪರಿಹಾರವಿದೆ

ಮನೆಗೆ ತಂದ ಮೇಲೆ ಮೊದಲ ವಾರ ದಿನವೂ ನಿಮ್ಮ ಮಾಮೂಲಿ ಹೊತ್ತಿನಷ್ಟೇ ಕೇಳಿ. ನೋವು ಬಂದಾಗ ಕಿತ್ತು ಪಕ್ಕಕ್ಕಿಡುವ ಮೊದಲು ನೋವಿನ ಜಾಗದ ಮೇಲೆ ಬೆರಳಿಟ್ಟು ಗುರುತಿಸಿ.

ನೆತ್ತಿಯ ಮೇಲೆ ಒಂದೇ ಚುಕ್ಕೆಯಲ್ಲಿ ಉರಿ ಇದ್ದರೆ ಭಾರ ಅಲ್ಲಿ ನಿಂತಿದೆ ಎಂದರ್ಥ. ಹೆಚ್ಚಿನವರು ಹೆಡ್‌ಬ್ಯಾಂಡನ್ನು ಬೇಕಾದದ್ದಕ್ಕಿಂತ ಗಿಡ್ಡ ಮಾಡಿಕೊಂಡಿರುತ್ತಾರೆ. ಎರಡೂ ಕಡೆ ಒಂದೊಂದು ಮೆಟ್ಟಿಲು ಇಳಿಸಿ, ಆಗ ಭಾರದ ಒಂದು ಪಾಲನ್ನು ಕಿವಿಯ ಸುತ್ತಲಿನ ಪ್ಯಾಡುಗಳು ಹೊರುತ್ತವೆ. ಪಟ್ಟಿಯನ್ನು ಆಗಾಗ ಅರ್ಧ ಇಂಚು ಮುಂದೆ, ಅರ್ಧ ಇಂಚು ಹಿಂದೆ ಸರಿಸುತ್ತಿರಿ. ಅಷ್ಟಕ್ಕೂ ಹೋಗದಿದ್ದರೆ ಹೆಡ್‌ಬ್ಯಾಂಡಿಗೆ ಸುತ್ತುವ ಮೆತ್ತನೆಯ ಕವರ್ ಸಿಗುತ್ತದೆ. ಮನೆಯಲ್ಲೇ ಹೊಲಿಯುವವರು ಮೆತ್ತೆಯನ್ನು ನೋವಿನ ಚುಕ್ಕೆಯ ಮೇಲೆ ಹಾಕಬೇಡಿ, ಅದರ ಎರಡೂ ಪಕ್ಕಕ್ಕೆ ಹಾಕಿ. ನಡುವೆ ಸಂದು ಉಳಿದರೆ ಆ ಚುಕ್ಕೆಗೆ ಬಿಡುವು ಸಿಗುತ್ತದೆ.

ಕಣತಲೆ, ದವಡೆ ಅಥವಾ ಕಿವಿಯ ಕೆಳಗೆ ಅದುಮಿದಂತಾದರೆ ಅದು ಹಿಡಿತದ ಬಿಗಿ. ಹೊಸ ಎಚ್‌ಡಿ 600ರ ಬಿಗಿ ಹಿಡಿತದ ಬಗ್ಗೆ ಬಹಳ ಜನ ಹೇಳುತ್ತಾರೆ. ಬಳಸುತ್ತ ಹೋದಂತೆ ಪ್ಯಾಡ್ ಮೆತ್ತಗಾಗಿ ಅದು ಕಡಿಮೆಯಾಗುತ್ತದೆ. ಬೇಗ ಆಗಬೇಕೆಂದರೆ ರಾತ್ರಿ ಮಲಗುವಾಗ ನಿಮ್ಮ ತಲೆಗಿಂತ ತುಸುವೇ ಅಗಲವಾದ ಪುಸ್ತಕಗಳ ಕಟ್ಟಿಗೆ ಹೆಡ್‌ಫೋನ್ ತೊಡಿಸಿಡಿ, ಬೆಳಿಗ್ಗೆ ಹಾಕಿ ನೋಡಿ, ಬೇಕಿದ್ದರೆ ಇನ್ನೊಂದು ರಾತ್ರಿ. ಒಮ್ಮೆಲೇ ಬಹಳ ಅಗಲ ಮಾಡಬೇಡಿ. ಹಿಡಿತ ತೀರಾ ಸಡಿಲವಾದರೆ ಭಾರವೆಲ್ಲ ನೆತ್ತಿಗೆ ಏರುತ್ತದೆ, ತಗ್ಗು ಸ್ವರ ಸೋರುತ್ತದೆ. ಒಳಗೆ ಲೋಹದ ಪಟ್ಟಿ ಇರುವ ಹೆಡ್‌ಬ್ಯಾಂಡ್ ಈ ಉಪಚಾರಕ್ಕೆ ಒಗ್ಗುತ್ತದೆ. ಬರೀ ಪ್ಲಾಸ್ಟಿಕ್ ಆಗಿದ್ದರೆ ಬಿರುಕು ಬಿಡುತ್ತದೆ, ಅದಕ್ಕೆ ಈ ಪ್ರಯೋಗ ಬೇಡ.

ಕಿವಿಯ ಹೊರ ಅಂಚು ನೋಯುತ್ತಿದ್ದರೆ ಪ್ಯಾಡಿನ ಬಾಯಿ ಕಿರಿದು ಅಥವಾ ಆಳ ಸಾಲದು. ದಪ್ಪನೆಯ ಬದಲಿ ಪ್ಯಾಡ್ ಹಾಕುವುದೇ ದಾರಿ. ಕೆಲವರು ಪ್ಯಾಡಿನ ಕೆಳಗಿನ ಅಂಚಿಗೆ ಸುತ್ತಲೂ ತೆಳು ಸ್ಪಂಜಿನ ಸುರುಳಿ ಸೇರಿಸಿ ಎತ್ತರಿಸಿಕೊಳ್ಳುತ್ತಾರೆ. ಖರ್ಚಿಲ್ಲದ ಒಳ್ಳೆಯ ಉಪಾಯ. ಎರಡರಿಂದಲೂ ಸದ್ದು ಸ್ವಲ್ಪ ಬದಲಾಗುತ್ತದೆ, ಅದಕ್ಕೆ ಸಿದ್ಧರಿರಿ.

ನೋವಿಲ್ಲ, ಆದರೆ ಕಿವಿಯೊಳಗೆ ಘಾಟಿ ರಸ್ತೆ ಹತ್ತುವಾಗ ಆಗುವಂಥ ಒತ್ತಡ, ತಲೆ ಹಿಡಿದಂತಾಗುವುದು ಎಂದರೆ ಎಎನ್‌ಸಿಯ ಮೇಲೆ ಅನುಮಾನ ಪಡಿ. ಕೆಲವರಿಗೆ ಅದು ಒಗ್ಗುವುದಿಲ್ಲ. ಆ್ಯಪ್‌ನಲ್ಲಿ ಅದರ ಮಟ್ಟ ಇಳಿಸಿ, ಮನೆಯಂಥ ಶಾಂತ ಕಡೆ ಪೂರ್ತಿ ಆರಿಸಿ. ಆಗಲೂ ಹಾಗೇ ಇದ್ದರೆ ವಾಪಸಾತಿಯ ದಿನ ಮುಗಿಯುವ ಮೊದಲು ಹಿಂದಿರುಗಿಸಿ.

ಕುತ್ತಿಗೆಯ ಹಿಂಭಾಗ ಬಿಗಿದರೆ ತೂಕ ಕಾರಣವಿರಬಹುದು, ಅದಕ್ಕಿಂತ ಹೆಚ್ಚಾಗಿ ಕೂರುವ ಭಂಗಿ. ಫೋನ್ ತೊಡೆಯ ಮೇಲಿಟ್ಟು ಬಗ್ಗಿ ಕೂತರೆ ತಲೆಯ ಭಾರಕ್ಕೆ ಹೆಡ್‌ಫೋನ್ ಭಾರವೂ ಸೇರುತ್ತದೆ.

ಕಿವಿಯೊಳಗಿನ ಇಯರ್‌ಫೋನ್‌ಗೆ ಬೇರೆ ಲೆಕ್ಕ

ಇಲ್ಲಿ ತೊಂಬತ್ತು ಪಾಲು ಆರಾಮ ತುದಿಯ ಸಿಲಿಕಾನ್ ಟೋಪಿಯದು. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಮೂರು ಅಳತೆಯ ಟೋಪಿ ಬರುತ್ತವೆ, ಬಹಳಷ್ಟು ಜನ ಮೊದಲೇ ಹಾಕಿರುವ ಮಧ್ಯಮ ಅಳತೆಯನ್ನು ಬದಲಾಯಿಸುವುದೇ ಇಲ್ಲ. ಎಡ ಮತ್ತು ಬಲ ಕಿವಿಯ ನಾಳ ಒಂದೇ ಅಳತೆಯದಾಗಿರಬೇಕಿಲ್ಲ, ಒಂದಕ್ಕೆ ಚಿಕ್ಕದು ಇನ್ನೊಂದಕ್ಕೆ ಮಧ್ಯಮ ಹಾಕಬಹುದು. ಕಿವಿಯನ್ನು ಎದುರು ಕೈಯಿಂದ ತುಸು ಮೇಲಕ್ಕೆ, ಹಿಂದಕ್ಕೆ ಎಳೆದು ಟೋಪಿ ಕೂರಿಸಿ. ನಾಳದ ಗೋಡೆಗೆ ನೋವಾದರೆ ಅಳತೆ ದೊಡ್ಡದು, ಆಗಾಗ ಜಾರಿದರೆ ಚಿಕ್ಕದು. ಸ್ಪಂಜಿನ ಟೋಪಿ ಬೆರಳಲ್ಲಿ ಹಿಸುಕಿ ಹಾಕುವಂಥದ್ದು, ಒಳಗೆ ಉಬ್ಬಿ ಮೆತ್ತಗೆ ತುಂಬಿಕೊಳ್ಳುತ್ತದೆ. ರೈಲಿನಲ್ಲಿ ಸದ್ದು ತಡೆಯಲು ಬಹಳ ಒಳ್ಳೆಯದು, ಆದರೆ ಬೆವರು ಹೀರಿ ಬೇಗ ಹಾಳಾಗುತ್ತದೆ.

ನಾಳದೊಳಗೆ ಏನೂ ಇಡಲಾಗದವರಿಗೆ ಕಿವಿಯ ಮುಂದಿನ ಎಲುಬಿನ ಮೂಲಕ ಸದ್ದು ಸಾಗಿಸುವ ಬೋನ್ ಕಂಡಕ್ಷನ್ ಹೆಡ್‌ಫೋನ್‌ಗಳಿವೆ. ಮುಂಜಾನೆ ಮರೀನ್ ಡ್ರೈವ್‌ನಲ್ಲಿ ನಡೆಯುತ್ತ ಪ್ರವಚನ ಕೇಳಲು ತಕ್ಕವು. ಲೋಕಲ್‌ನ ಗದ್ದಲದಲ್ಲಿ ಉಪಯೋಗವಿಲ್ಲ.

ದೇಹವಲ್ಲ, ಸದ್ದೇ ದಣಿಸುವಾಗ

ಎಲ್ಲಿಯೂ ನೋವಿಲ್ಲದಿದ್ದರೂ ಎರಡು ಗಂಟೆಗೆ ತೆಗೆದಿಡಬೇಕೆನ್ನಿಸಿದರೆ ಮೇಲಿನ ಸ್ವರಗಳು ಚುಚ್ಚುತ್ತಿವೆ ಎಂದು ತಿಳಿಯಿರಿ. ಮಾತಿನಲ್ಲಿ ಸ, ಶ, ಚ ಅಕ್ಷರಗಳು, ಯಕ್ಷಗಾನದಲ್ಲಿ ಜಾಗಟೆ, ತಾಳಗಳು ಇದರ ಪರೀಕ್ಷೆಗೆ ಒಳ್ಳೆಯವು. ಈಕ್ವಲೈಜರ್‌ನಲ್ಲಿ 6ರಿಂದ 9 ಕಿಲೋಹರ್ಟ್ಸ್ ಸುತ್ತ ಎರಡು ಮೂರು ಡೆಸಿಬಲ್ ಇಳಿಸಿ ನೋಡಿ. ಹಳೆಯ ಆಕಾಶವಾಣಿ ಧ್ವನಿಮುದ್ರಣಗಳ ಕರಕರ ಸದ್ದಿಗೂ ಇದು ಸಹಾಯವಾಗುತ್ತದೆ.

ವಾಲ್ಯೂಮ್ ವಿಷಯದಲ್ಲಿ ನನಗೆ ರಾಜಿಯಿಲ್ಲ, ಹೋದ ಶ್ರವಣ ಮರಳಿ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ಸುರಕ್ಷಿತ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್. ಮಕ್ಕಳಿಗೆ ಅಷ್ಟೇ ಗಂಟೆಗೆ 75. ಸದ್ದು 3 ಡೆಸಿಬಲ್ ಏರಿದರೆ ಸುರಕ್ಷಿತ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಅಂದರೆ 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. ದಿನಕ್ಕೆ ಆರೇಳು ಗಂಟೆ ಕೇಳುವ ನಮ್ಮಂಥವರು ಆ ಮಿತಿಯ ಅಂಚಿನಲ್ಲೇ ಇದ್ದೇವೆ. ಐಫೋನ್ ಮತ್ತು ಕೆಲವು ಆಂಡ್ರಾಯ್ಡ್ ಫೋನ್‌ಗಳು ಹೆಡ್‌ಫೋನಿನ ಸದ್ದಿನ ಮಟ್ಟವನ್ನು ತೋರಿಸುತ್ತವೆ, ಮಿತಿ ಹಾಕಲೂ ಬರುತ್ತದೆ. ಇಂದೇ ಹಾಕಿ. ಕಿವಿಯಲ್ಲಿ ಗುಂಯ್ ಎಂಬ ಸದ್ದು ಉಳಿದರೆ, ಹೆಡ್‌ಫೋನ್ ತೆಗೆದ ಮೇಲೆ ಮನೆಯವರ ಮಾತು ಮಂಕಾಗಿ ಕೇಳಿದರೆ, ಕಿವಿ ವೈದ್ಯರ ಬಳಿಗೆ ಹೋಗುವುದನ್ನು ಮುಂದೂಡಬೇಡಿ.

ಗಂಟೆಗೊಮ್ಮೆ ಐದು ನಿಮಿಷ ತೆಗೆದಿಡಿ. ತಾಳಮದ್ದಲೆಯಲ್ಲಿ ಪದ ಮುಗಿದು ಅರ್ಥ ಶುರುವಾಗುವ ಮುನ್ನ, ಮೀಟಿಂಗ್‌ಗಳ ನಡುವೆ, ರೈಲು ದಾದರ್ ದಾಟುವಾಗ, ನಿಮಗೆ ಅನುಕೂಲವಾದ ಒಂದು ಗುರುತು ಇಟ್ಟುಕೊಳ್ಳಿ.

ಮಳೆಗಾಲದ ಜೋಪಾನ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ತಲೆ, ಒದ್ದೆ ಕಿವಿಯಲ್ಲಿ ಇಯರ್‌ಫೋನ್ ಬೇಡ. ತೇವ ಮತ್ತು ಬಿಸಿ ಸೇರಿದರೆ ಕಿವಿಯ ನಾಳದಲ್ಲಿ ಶಿಲೀಂಧ್ರ ಬೆಳೆಯುತ್ತದೆ. ತುರಿಕೆ, ಕಿವಿ ಕಟ್ಟಿದಂತಾಗುವುದು ಅದರ ಮೊದಲ ಸೂಚನೆ. ಟೋಪಿಗಳನ್ನು ವಾರಕ್ಕೊಮ್ಮೆ ತೆಗೆದು ಸೋಪುನೀರಿನಲ್ಲಿ ತೊಳೆದು ಒಣಗಿಸಿ ಹಾಕಿ, ಜಾಲರಿಗೆ ಅಂಟಿದ ಗುಗ್ಗೆಯನ್ನು ಒಣ ಬ್ರಷ್ಷಿನಿಂದ ತೆಗೆಯಿರಿ. ಒಬ್ಬರದು ಇನ್ನೊಬ್ಬರು ಹಾಕಬಾರದು, ಗಂಡ ಹೆಂಡತಿಯಾದರೂ ಅಷ್ಟೇ.

ದೊಡ್ಡ ಹೆಡ್‌ಫೋನ್ ಬಳಸಿದ ಮೇಲೆ ಪ್ಯಾಡನ್ನು ಒಣ ಬಟ್ಟೆಯಿಂದ ಒರೆಸಿ ಹತ್ತು ನಿಮಿಷ ಫ್ಯಾನಿನ ಗಾಳಿಗೆ ಇಡಿ, ಬೆವರಿನೊಂದಿಗೇ ಡಬ್ಬಿಗೆ ಹಾಕಬೇಡಿ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಇರಲಿ. ಚರ್ಮದ ಪ್ಯಾಡಿಗೆ ಸ್ಯಾನಿಟೈಸರ್, ಸ್ಪಿರಿಟ್ ಹಚ್ಚಿದರೆ ಲೇಪ ಬೇಗ ಸೀಳುತ್ತದೆ. ಪ್ಯಾಡನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಮತ್ತೆ ಉಬ್ಬದಿದ್ದರೆ, ಅಥವಾ ಹಿಂದೆ ನೋಯದ ಕಿವಿಯ ಅಂಚು ಈಗ ನೋಯತೊಡಗಿದರೆ, ಹೊಸ ಹೆಡ್‌ಫೋನ್ ಹುಡುಕುವ ಮೊದಲು ಹೊಸ ಪ್ಯಾಡ್ ಹಾಕಿ ನೋಡಿ. ಹೋಗುವಾಗ ಹಳೆಯ ಪ್ಯಾಡನ್ನು ಜೊತೆಗೆ ಒಯ್ಯಿರಿ. ಒಂದೇ ಮಾದರಿಯ ಹೆಸರಿನಲ್ಲಿ ಬೇರೆ ಬೇರೆ ಅಳತೆಯ ಪ್ಯಾಡ್‌ಗಳು ಸಿಗುತ್ತವೆ, ಪಕ್ಕಪಕ್ಕದಲ್ಲಿಟ್ಟು ಬಾಯಿ ಮತ್ತು ಆಳ ಹೋಲಿಸಿದ ಮೇಲೆಯೇ ಹಣ ಕೊಡಿ.